ನೆರವಿನ ವಂಚನೆ: ಶಿಕ್ಷೆಗೆ ಮುನ್ನ ವಿಚಾರಣೆ



ಸರ್ಕಾರದ ನೆರವನ್ನು ಮೋಸದಿಂದ ಪಡೆಯುವುದು ಬಡವರ ಪಾಲನ್ನು ಕಸಿಯುವ ಕೆಲಸ. ಅದಕ್ಕೆ ಶಿಕ್ಷೆಯಾಗಲೇಬೇಕು. ಆದರೆ ಯಾವುದು ಮೋಸ, ಯಾವುದು ಬರೀ ತಪ್ಪು, ಅದನ್ನು ತೀರ್ಮಾನಿಸುವವರು ಯಾರು? ಈ ವಿಚಾರ ಸಂಕಿರಣ ಎದುರಿಸಬೇಕಾದ ಪ್ರಶ್ನೆ ಇದು.

ಕಾನೂನಿಗೆ ಬಲದ ಕೊರತೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಂತೆ, ವಂಚಿಸಿ ಸ್ವತ್ತು ಪಡೆದವರಿಗೆ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಬೇರೊಬ್ಬರ ಹೆಸರಿನಲ್ಲಿ ಪಿಂಚಣಿ ಎತ್ತುವಂಥ ಸೋಗಿನ ವಂಚನೆಗೆ 319ನೇ ಕಲಮಿನಡಿ 5 ವರ್ಷಗಳವರೆಗೆ ಸೆರೆವಾಸವಿದೆ. ಸುಳ್ಳು ದಾಖಲೆ ಸೃಷ್ಟಿಸುವುದು ಪ್ರತ್ಯೇಕ ಅಪರಾಧ. ತನ್ನ ಸುಪರ್ದಿಯಲ್ಲಿದ್ದ ಹಣವನ್ನು ಸರ್ಕಾರಿ ನೌಕರನೇ ನುಂಗಿದರೆ, ಭ್ರಷ್ಟಾಚಾರ ತಡೆ ಕಾಯ್ದೆಯ 13ನೇ ಕಲಮಿನಡಿ ಕನಿಷ್ಠ 4, ಗರಿಷ್ಠ 10 ವರ್ಷ. ಹೊಣೆ ಹೊತ್ತವರ ಅಪರಾಧ ಹೆಚ್ಚು ಘೋರವೆಂಬ ವಿವೇಕ ಇಲ್ಲಿದೆ.

ಇನ್ನೊಂದು ವಿವೇಕವೂ ಇದೆ. ವಂಚನೆ ಸಾಬೀತಾಗಲು ಅಪ್ರಾಮಾಣಿಕ ಉದ್ದೇಶ ಸಾಬೀತಾಗಬೇಕು. ಕಾರನ್ನೂ ಸಂಬಳವನ್ನೂ ಮುಚ್ಚಿಟ್ಟು ಬಿಪಿಎಲ್ ಕಾರ್ಡ್ ಮಾಡಿಸಿಕೊಂಡವರು ಒಂದು ಕಡೆ. ಯಾರೋ ತುಂಬಿಕೊಟ್ಟ ಅರ್ಜಿಯನ್ನು ಓದಲಾರದೆ ಹೆಬ್ಬೆಟ್ಟು ಒತ್ತಿದ ಕೂಲಿ ಹೆಣ್ಣುಮಗಳು ಇನ್ನೊಂದು ಕಡೆ. ಕಂಪ್ಯೂಟರಿನ ಪಟ್ಟಿಯಲ್ಲಿ ಇಬ್ಬರೂ ಅನರ್ಹರೇ. ನ್ಯಾಯದ ಕಣ್ಣಿಗೆ ಇಬ್ಬರೂ ಒಂದೇ ಆಗಬಾರದು.

ಈ ವ್ಯತ್ಯಾಸ ಮರೆತರೆ ಏನಾಗುತ್ತದೆಂಬುದನ್ನು ನೆದರ್ಲೆಂಡ್ಸ್ ಕಂಡಿದೆ. ಮಕ್ಕಳ ಪಾಲನಾ ಭತ್ಯೆ ಪಡೆದ ಸಾವಿರಾರು ತಂದೆ-ತಾಯಂದಿರನ್ನು ಅಲ್ಲಿನ ತೆರಿಗೆ ಇಲಾಖೆ ವಂಚಕರೆಂದು ತಪ್ಪಾಗಿ ಗುರುತಿಸಿತು. ಸಣ್ಣ ಲೋಪಕ್ಕೂ ಪೂರ್ತಿ ಹಣ ವಾಪಸು ಕೇಳಿತು. ಕುಟುಂಬಗಳು ಸಾಲದಲ್ಲಿ ಮುಳುಗಿದವು; 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ನಮ್ಮ ಕರ್ನಾಟಕದಲ್ಲೂ 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ವೇಳೆ ಅರ್ಹರ ಕಾರ್ಡುಗಳೂ ರದ್ದಾದ ದೂರುಗಳು ಬಂದವು. ಆದಾಯ ತೆರಿಗೆ ಪಾವತಿದಾರರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ಕಾರ್ಡು ಮರಳಿಸುವುದಾಗಿ ರಾಜ್ಯ ಸರ್ಕಾರ ಹೇಳಬೇಕಾಯಿತು. ಪಡಿತರ ನಿಲ್ಲುವುದೂ ಶಿಕ್ಷೆಯೇ. ಅದು ವಿಚಾರಣೆಗೆ ಮೊದಲೇ ಜಾರಿಯಾಗಿಬಿಡುತ್ತದೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 33ನೇ ಕಲಂ, ಕುಂದುಕೊರತೆ ಅಧಿಕಾರಿ ಶಿಫಾರಸು ಮಾಡಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ಅಧಿಕಾರಿಗೂ 5000 ರೂಪಾಯಿವರೆಗೆ ದಂಡ ಹೇಳುತ್ತದೆ. ಅನರ್ಹರಿಗೆ ಸಿಕ್ಕಿದ್ದಷ್ಟೇ ಅಲ್ಲ, ಅರ್ಹರಿಗೆ ತಪ್ಪಿದ್ದೂ ತಪ್ಪು ಎಂದು ಕಾನೂನೇ ಒಪ್ಪಿದೆ.

ಆದ್ದರಿಂದ ಗೋಷ್ಠಿಗಳ ಮುಂದೆ ಮೂರು ಆಶಯಗಳನ್ನು ಇಡುತ್ತೇನೆ. ಅರ್ಥವಾಗುವ ಕನ್ನಡದಲ್ಲಿ ನೋಟಿಸು ಕೊಟ್ಟು, ಉತ್ತರ ಕೇಳದೆ ಯಾರ ನೆರವನ್ನೂ ನಿಲ್ಲಿಸಬಾರದು. ತಿಳಿಯದೆ ಮಾಡಿದ ತಪ್ಪಿಗೆ ಸುಲಭ ಕಂತಿನ ವಸೂಲಿ ಸಾಕು, ಕ್ರಿಮಿನಲ್ ಮೊಕದ್ದಮೆ ಬೇಡ. ತನಿಖೆ ಫಲಾನುಭವಿಯ ಮನೆ ಬಾಗಿಲಲ್ಲಿ ನಿಲ್ಲದೆ, ನಕಲಿ ಪ್ರಮಾಣಪತ್ರ ಮಾರಿದ ದಲ್ಲಾಳಿಯನ್ನೂ ಸಹಿ ಹಾಕಿದ ಅಧಿಕಾರಿಯನ್ನೂ ಮುಟ್ಟಬೇಕು.

ಇವನ್ನು ನಿಯಮಗಳ ಕರಡಾಗಿ ರೂಪಿಸಿ ಸರ್ಕಾರಕ್ಕೆ ಒಪ್ಪಿಸುವ ಕೆಲಸ ಈ ಸಭೆಯಿಂದ ಆಗಲಿ.