ಸಾಕವ್ವನನ್ನು ಕಾಣದ ಸಿನಿಮಾ
(ಬೀದರಿನ ಗಾಂಧಿ ಗಂಜಿನಲ್ಲಿ ನೀಡಿದ ಉಪನ್ಯಾಸದ ಪಾಠ)



ಉಮಾಶ್ರೀ ಎಂದೊಡನೆ ಹಲವರ ಮುಖದಲ್ಲಿ ನಗು ಮೂಡುತ್ತದೆ. ತಪ್ಪೇನಿಲ್ಲ. 1984ರ ‘ಅನುಭವ’ದ ನಂತರ ಎನ್.ಎಸ್. ರಾವ್, ದಿನೇಶ್ ಮುಂತಾದವರ ಜೋಡಿಯಾಗಿ ತೆರೆಗೆ ಬಂದು, ದ್ವಂದ್ವಾರ್ಥದ ಒಂದು ಮಾತು ಎಸೆದು, ಸಿಳ್ಳೆ ಗಿಟ್ಟಿಸಿ ಹೋಗುತ್ತಿದ್ದ ನಟಿ ಅವರು. ಆದರೆ ಇದೇ ನಟಿ ರಂಗದ ಮೇಲೆ ಸಾಕವ್ವನಾಗಿ ನಿಂತದ್ದು ಟಾಕೀಸಿಗೆ ಹೋಗುತ್ತಿದ್ದ ಬಹುಮಂದಿಗೆ ಗೊತ್ತೇ ಆಗಲಿಲ್ಲ.

ಸಾಕವ್ವ ದೇವನೂರ ಮಹಾದೇವರ ‘ಒಡಲಾಳ’ದ ಮುದುಕಿ. ಕಳೆದುಹೋದ ಹುಂಜವನ್ನು ಹುಡುಕುತ್ತ ಊರೆಲ್ಲ ಅಲೆಯುವವಳು. ಮನೆಗೆ ಕದ್ದು ತಂದ ಶೇಂಗಾ ಬರುತ್ತದೆ. ರಾತ್ರಿಯಿಡೀ ಮಕ್ಕಳು ಮರಿಗಳೆಲ್ಲ ಸುತ್ತ ಕುಳಿತು ತಿಂದು ಮುಗಿಸುತ್ತಾರೆ. ಪೊಲೀಸರು ಬಂದಾಗ ಮಾಲು ಹೊಟ್ಟೆ ಸೇರಿರುತ್ತದೆ! ದಿನ ಬೆಳಗಾದರೆ ಚೀಲ ತೂಗುವ ಈ ಗಂಜಿನವರಿಗೆ ಅದು ಎಷ್ಟು ದೊಡ್ಡ ಹಸಿವಿನ ಲೆಕ್ಕವೆಂದು ಬಿಡಿಸಿ ಹೇಳಬೇಕಿಲ್ಲ. ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ ಆ ನಾಟಕದಲ್ಲಿ, ಇನ್ನೂ ಯುವತಿಯಾಗಿದ್ದ ಉಮಾಶ್ರೀ ಬೆನ್ನು ಬಾಗಿಸಿ ಮುದುಕಿಯಾದರು. ಬೈಗುಳ, ಮಮತೆ, ಯಜಮಾನಿಕೆ ಎಲ್ಲವೂ ಒಂದೇ ದನಿಯಲ್ಲಿ ಬರಬೇಕಾದ ಪಾತ್ರ ಅದು.

ಒಬ್ಬಳೇ ನಟಿಗೆ ಈ ಎರಡು ಬಾಳು ಏಕೆ? ಉತ್ತರ ಹಣದಲ್ಲಿದೆ. ಉಮಾಶ್ರೀ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದ 1957ರಲ್ಲೇ, ಇಂಗ್ಲೆಂಡಿನಲ್ಲಿ ಜೂಡಿ ಡೆಂಚ್ ಎಂಬ ತರುಣಿ ‘ಹ್ಯಾಮ್ಲೆಟ್’ನ ಒಫೀಲಿಯಾ ಆಗಿ ಓಲ್ಡ್ ವಿಕ್ ನಾಟಕ ಸಂಸ್ಥೆಯಲ್ಲಿ ವೃತ್ತಿ ಆರಂಭಿಸಿದರು. ಮುಂದೆ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಇತ್ತು. ಬಾಂಡ್ ಚಿತ್ರಗಳು ಬಂದದ್ದು 1995ರಲ್ಲಿ. ಸಿನಿಮಾ ಕರೆಯುವವರೆಗೆ ರಂಗಭೂಮಿಯೇ ಅವರನ್ನು ಸಾಕಿತು. ನಮ್ಮಲ್ಲಿಯೋ? ‘ಹವ್ಯಾಸಿ’ ಎಂಬ ಹೆಸರೇ ಹೇಳುವಂತೆ, ಅಲ್ಲಿ ಚಪ್ಪಾಳೆಯುಂಟು, ಸಂಬಳವಿಲ್ಲ. ಕಲಾವಿದರಿಗೆ ತಿಂಗಳ ಸಂಬಳ ಕೊಡುವ ಮೈಸೂರಿನ ರಂಗಾಯಣ ಹುಟ್ಟಿದ್ದೇ 1989ರಲ್ಲಿ. ಹಾಗಾಗಿ ಒಲೆ ಉರಿಯಲು ಸಿನಿಮಾ ಬೇಕು. ಸಿನಿಮಾ ಮಂದಿಗೆ ಬೇಕಾದದ್ದು ಸಿಳ್ಳೆ. ಪಾತ್ರ ಕೀಳಾಯಿತೆಂದು ನಟಿಯನ್ನು ಹಳಿದವರು, ಬರೆದವರನ್ನೂ ಟಿಕೆಟ್ ಕೊಂಡವರನ್ನೂ ಕೇಳಲಿಲ್ಲ. 1994ರ ‘ಕೊಟ್ರೇಶಿ ಕನಸು’ವಿನಂಥ ಅವಕಾಶಗಳು ವಿರಳವಾಗಿದ್ದವು.

ತೆರೆ ಅವರನ್ನು ಸರಿಯಾಗಿ ನೋಡಿದ್ದು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ. ವೈದೇಹಿಯವರ ಕಥೆ ಆಧರಿಸಿದ ಚಿತ್ರ. ಗುಲಾಬಿ ಕರಾವಳಿಯ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು, ಗಂಡ ಬಿಟ್ಟವಳು. ಮನೆಗೆ ಟಿ.ವಿ. ಬಂದಾಗ ಕೇರಿಯ ಹೆಂಗಸರು ಬಂದು ಸೇರುತ್ತಾರೆ. ಊರಿನ ಗಾಳಿ ತಿರುಗಿದಾಗ ದೂರವಾಗುತ್ತಾರೆ. ಸಿಳ್ಳೆ ಹೊಡೆಸುತ್ತಿದ್ದ ಕಣ್ಣುಗಳು ಇಲ್ಲಿ ಸುಮ್ಮನೆ ನೋಡುತ್ತವೆ, ಅಷ್ಟೆ. ಆ ಸುಮ್ಮನಿರುವಿಕೆ ಸಾಕವ್ವನ ಕಡೆಯಿಂದ ಬಂದದ್ದು. 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ದೊರೆತಾಗ ಅವರು ಬಣ್ಣ ಹಚ್ಚಿ ಎರಡು ದಶಕಗಳ ಮೇಲಾಗಿತ್ತು.

ರಾಜಕಾರಣದ ಮಾತು ಇಲ್ಲಿ ಬೇಡ. 2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದದ್ದು ಎಲ್ಲರಿಗೂ ಗೊತ್ತಿದೆ. 2021ರಿಂದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಅವರನ್ನು ಮನೆಮನೆಗೆ ತಂದಿತು. ಟಿ.ವಿ. ಇಷ್ಟು ಕೊಟ್ಟ ಮೇಲೂ ಅವರು ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕಕ್ಕೆ ಒಬ್ಬರೇ ರಂಗವೇರಿದರು. 2025ರ ಜನವರಿಯಲ್ಲಿ, 67ರ ವಯಸ್ಸಿನಲ್ಲಿ, ಹೊನ್ನಾವರದ ಯಕ್ಷಗಾನ ರಂಗಸ್ಥಳದಲ್ಲಿ ಮೊದಲ ಬಾರಿಗೆ ಮಂಥರೆಯ ವೇಷ ಕಟ್ಟಿದರು. ಮತ್ತೆ ಬೆನ್ನು ಬಾಗಿದ ಮುದುಕಿಯೇ.