ಕಂಡದ್ದಷ್ಟೇ ಸಾಕ್ಷ್ಯ



ದರೋಡೆ ಪ್ರಕರಣದ ಆರೋಪಿಗಳು ಖುಲಾಸೆಯಾದರೆಂದು ಪತ್ರಿಕೆಯಲ್ಲಿ ಓದಿದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು, "ವಕೀಲ ಗಟ್ಟಿಯಿದ್ದ, ಬಿಡಿಸಿಕೊಂಡು ಬಂದ" ಎಂದು. ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ತಾಳೆಯಾಗಲಿಲ್ಲ ಎಂದರೆ ಅದನ್ನು ಬರೀ ನೆಪವೆಂದು ತಿಳಿಯುತ್ತೇವೆ.

2003ರ ಜೂನ್‌ನಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ದರೋಡೆಕೋರರು ರಾತ್ರಿ ಒಂದು ಗುಡಿಸಲಿಗೆ ನುಗ್ಗಿ, ಹಣ ಒಡವೆ ದೋಚಿ, ಐವರನ್ನು ಕೊಂದರು. ಹೆಣ್ಣುಮಕ್ಕಳ ಮೇಲೆ ನಡೆದ ಕ್ರೌರ್ಯವನ್ನು ಮಿಂಬರಿನಿಂದ ಹೇಳಲಾರೆವು. ಅಲೆಮಾರಿ ಸಮುದಾಯದ ಆರು ಮಂದಿ ಬಡ ಕೂಲಿಗಳು ಬಂಧಿತರಾದರು. 2006ರಲ್ಲಿ ಎಲ್ಲರಿಗೂ ಗಲ್ಲು. ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರೂ 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಗೆ ಗಲ್ಲನ್ನೇ ವಿಧಿಸಿತು. ಅವರಲ್ಲೊಬ್ಬ ಘಟನೆಯ ವೇಳೆ ಇನ್ನೂ ಅಪ್ರಾಪ್ತ ವಯಸ್ಕ!

ಪ್ರಕರಣವನ್ನು ಪುನಃ ಆಲಿಸಿದಾಗ ಒಂದು ವಿಷಯ ಎದ್ದುಕಂಡಿತು. ಬದುಕುಳಿದ ಮಹಿಳೆ ಘಟನೆಯಾದ ಕೆಲವೇ ದಿನಗಳಲ್ಲಿ ಪೊಲೀಸರ ಫೋಟೊಗಳಲ್ಲಿ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರೇ ಬೇರೆ, ಕಟಕಟೆಯಲ್ಲಿ ನಿಂತವರೇ ಬೇರೆ. ಆ ನಾಲ್ವರ ತನಿಖೆಯೇ ಆಗಿರಲಿಲ್ಲ. 2019ರ ಮಾರ್ಚ್ 5ರಂದು ಮೂವರು ನ್ಯಾಯಮೂರ್ತಿಗಳ ಪೀಠ ಎಲ್ಲರನ್ನೂ ಬಿಡುಗಡೆಗೊಳಿಸಿ, ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಲು ಸರಕಾರಕ್ಕೆ ಆದೇಶಿಸಿತು. ನಮ್ಮ ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಅಬ್ದುಲ್ ನಝೀರ್ ಆ ಪೀಠದಲ್ಲಿದ್ದರು. ಹದಿನಾರು ವರ್ಷಗಳ ಸೆರೆವಾಸಕ್ಕೆ 5 ಲಕ್ಷ!  ನಿಜವಾದ ಅಪರಾಧಿಗಳಿಗೆ ಶಿಕ್ಷೆಯಾದುದನ್ನು ಆ ಮಹಿಳೆ ಕಾಣಲಿಲ್ಲ. ಅವರನ್ನು ದೂರುವಂತಿಲ್ಲ, ಮೊದಲ ದಿನಗಳಲ್ಲೇ ಹೇಳಿದ್ದರು.

ಹೇಳಿಕೆಯಲ್ಲಿನ ವ್ಯತ್ಯಾಸವೆಲ್ಲ ಸುಳ್ಳಲ್ಲ. ಅಂಗಿಯ ಬಣ್ಣ, ಗಂಟೆ, ನಿಂತ ಜಾಗ ಇವುಗಳಲ್ಲಿ ಒಂದಿಷ್ಟು ಏರುಪೇರಾದರೆ ನ್ಯಾಯಾಲಯವೂ ಮನ್ನಿಸುತ್ತದೆ. ಎಲ್ಲರೂ ಗಿಳಿಪಾಠ ಒಪ್ಪಿಸಿದರೇ ಅನುಮಾನ ಹೆಚ್ಚು. ಆದರೆ ಮಾಡಿದವನು ಯಾರು ಎಂಬಲ್ಲೇ ಮಾತು ಬದಲಾದರೆ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು. ಸಂಶಯವಿದ್ದಲ್ಲಿ ಹದ್ದ್ ಶಿಕ್ಷೆ ಕೂಡದೆಂದು ನಮ್ಮ ಫಿಕ್‌ಹ್ ವಿದ್ವಾಂಸರೂ ಹೇಳಿದ್ದಾರೆ. ಮಹಾಪಾಪಗಳನ್ನು ವಿವರಿಸುತ್ತ ಒರಗಿ ಕುಳಿತಿದ್ದ ಪ್ರವಾದಿವರ್ಯರು(ಸ) ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತರು. ಇನ್ನು ನಿಲ್ಲಿಸಬಾರದೇ ಎಂದು ಸಹಾಬಿಗಳಿಗೆ ಅನಿಸುವಷ್ಟು ಸಲ ಅದನ್ನೇ ಪುನರುಚ್ಚರಿಸಿದರು.

ಸುಳ್ಳು ಸಾಕ್ಷ್ಯ ಹೇಳುವವರು ನಮ್ಮಲ್ಲಿ ಕಡಿಮೆ. ಕಂಡದ್ದಕ್ಕೆ ಕೇಳಿದ್ದನ್ನು ಸೇರಿಸುವವರೇ ಹೆಚ್ಚು. ಬೈಕ್ ಕಳ್ಳತನವಾದರೆ ಸಂಜೆಯೊಳಗೆ ಯಾವನೋ ಹುಡುಗನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ನಾಳೆ ಗುರುತು ಪತ್ತೆ ಪರೇಡ್‌ನಲ್ಲಿ ನಿಂತ ಸಾಕ್ಷಿ ನೆನಪಿಸಿಕೊಳ್ಳುವುದು ಕಳ್ಳನ ಮುಖವನ್ನೋ, ಫೋನಿನಲ್ಲಿ ಕಂಡ ಮುಖವನ್ನೋ? ಅರಿವಿಲ್ಲದ್ದರ ಬೆನ್ನು ಹತ್ತಬಾರದು, ಕಣ್ಣು ಕಿವಿಗಳ ವಿಚಾರಣೆಯಿದೆ ಎಂದು ಸೂರಃ ಅಲ್ ಇಸ್ರಾ ಎಚ್ಚರಿಸಿದೆ. "ಕತ್ತಲಿತ್ತು, ಮುಖ ಕಾಣಲಿಲ್ಲ" ಎನ್ನುವುದೂ ಪೂರ್ಣ ಸಾಕ್ಷ್ಯವೇ.

ಕಂಡವರು ಹೆದರಿ ಮರೆಮಾಚುವುದೂ ಸಲ್ಲದು. ಸಮನ್ಸ್ ಬಂದು ಕೋರ್ಟಿಗೆ ಒಬ್ಬರೇ ಹೋಗಲು ಅಳುಕುವವರು ನಮಾಝಿನ ಬಳಿಕ ನಮ್ಮನ್ನು ಕಾಣಿರಿ. ಏನು ಹೇಳಬೇಕೆಂದು ಕಲಿಸಿಕೊಡಲಾರೆವು, ಜೊತೆಯಲ್ಲಿ ಬರುತ್ತೇವೆ.