ಕೈಯ ಹೆಣಿಗೆ, ಕೈಯಲ್ಲಿ ಕಾಸು



ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಕಾಲದಲ್ಲಿ ಹೆಣ್ಣು ನೋಡಲು ಬಂದವರು ‘ಹೊಲಿಗೆ, ಹೆಣಿಗೆ ಬರುತ್ತದೆಯೇ?’ ಎಂದು ಕೇಳುತ್ತಿದ್ದರು. ನಮ್ಮ ಕೈಕೆಲಸವೂ ಅವರಿಗೆ ವರದಕ್ಷಿಣೆಯ ಜೊತೆ ಬರುವ ಸಾಮಾನು! ಅದನ್ನು ನಮ್ಮ ಬಲವಾಗಿ ಮಾಡಿಕೊಳ್ಳೋಣ.

ಎರಡು ಕಡ್ಡಿ, ಒಂದಿಷ್ಟು ಉಲ್ಲನ್ ಸಾಕು. ಕರೆಂಟು ಬೇಡ, ಯಂತ್ರ ಬೇಡ. ಮೊದಲು ಮಗುವಿನ ಕುಲಾವಿ ಕಲಿಯಿರಿ. ತಪ್ಪಿದರೆ ಬಿಚ್ಚಿ ಅದೇ ದಾರದಲ್ಲಿ ಮತ್ತೆ ಹೆಣೆಯಬಹುದು. ಒಡವೆಯನ್ನು ಕಿತ್ತುಕೊಂಡು ಅಡವಿಡುತ್ತಾರೆ. ಉಟ್ಟ ಸೀರೆಯಲ್ಲೇ ಮನೆಯಿಂದ ಹೊರಬಿದ್ದರೂ ಕೈಯ ವಿದ್ಯೆ ಜೊತೆಗೆ ಬರುತ್ತದೆ.

ಆದರೆ ದುಡಿದ ಹಣ ಯಾರ ಕೈ ಸೇರುತ್ತದೆ? ಹಿಂದೂ ಹೆಣ್ಣು ತನ್ನ ಕೌಶಲದಿಂದ, ದುಡಿಮೆಯಿಂದ ಗಳಿಸಿದ ಆಸ್ತಿಗೆ ಅವಳೇ ಪೂರ್ಣ ಒಡತಿ ಎನ್ನುತ್ತದೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಮು. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಪಾಸ್‌ಬುಕ್ಕಿನ ನಕಲು ನಂಬಿಕೆಯ ಗೆಳತಿಯ ಬಳಿ ಇರಲಿ.

ಗಳಿಸಿದ ಮಾತ್ರಕ್ಕೆ ಹೊಡೆತ ನಿಲ್ಲುವುದಿಲ್ಲ. ಸಹಿಸಿಕೊಂಡು ಹೆಣೆಯುತ್ತಿರಿ ಎಂದೂ ನಾನು ಹೇಳುವುದಿಲ್ಲ. ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುವ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ರಕ್ಷಣೆ, ವಾಸದ ಹಕ್ಕು, ಜೀವನಾಂಶ, ಸ್ತ್ರೀಧನ ಕೇಳಬಹುದು. ಸಹಾಯವಾಣಿ 181. ಆ ದಿನ ಠಾಣೆಗೋ ಕೋರ್ಟಿಗೋ ಹೋಗಲು ಬಸ್ ಚಾರ್ಜಿಗೆ ಯಾರ ಮುಂದೆಯೂ ಕೈಯೊಡ್ಡಬಾರದು. ಅದಕ್ಕಾಗಿ ಕಲಿಯಿರಿ, ಸಂಘದ ಪಕ್ಕದವಳಿಗೂ ಕಲಿಸಿರಿ.